ಐತಿಹಾಸಿಕ ರಮ್ಯಕಾದಂಬರಿಗಳಲ್ಲಿ ಹೊಂದದ ಜೋಡಿ

(ಅಂತಿಮ ಬಿ.ಎ. ತರಗತಿಯ ವಿದ್ಯಾರ್ಥಿನಿ)

ಕಥೆಯೆಂದ ಮೇಲೆ ಅದು ಮದುವೆಯಲ್ಲಿ ಮುಗಿಯಬೇಕೆಂಬುದು ಲೋಕರೂಢಿ. ಅಜ್ಜಿ ಹೇಳಿದ ಕಥೆಯಿರಲಿ, ನಾಟಕ ಕಂಪನಿಯ ಆಟವಿರಲಿ, ಬೆಳ್ಳಿತೆರೆಯ ಚಿತ್ರವಿರಲಿ, ನಾಯಕನು ನಾಯಿಕೆಯ ಕೈಹಿಡಿದೊಡನೆ ಮಂಗಳ ಹಾಡಿ ಪರದೆ ಎಳೆದುಬಿಡುತ್ತಾರೆ. ಆಮೇಲೆ ಅವರಿಬ್ಬರೂ ಹೇಗೆ ಬಾಳಿದರು, ಮೊದಲ ತಿಂಗಳ ಖರ್ಚಿಗೆ ಏನು ಮಾಡಿದರು, ಮಾತು ಬೆಳೆದಾಗ ಯಾರು ಮೊದಲು ಸೋತರು ಎಂದು ಕೇಳುವವರಿಲ್ಲ. ಯಾವ ಹಟಮಾರಿ ಮಗುವಾದರೂ ಕೇಳಿದರೆ, 'ಸುಖವಾಗಿದ್ದರು, ಮಲಗು' ಎಂಬ ಒಂದೇ ಉತ್ತರ.

ಆದರೆ ಇಂಗ್ಲಿಷಿನ ಐತಿಹಾಸಿಕ ರಮ್ಯಕಾದಂಬರಿಗಳಲ್ಲಿ ಈ ರೂಢಿಯನ್ನು ತಲೆಕೆಳಗು ಮಾಡುವ ಪಂಗಡವೊಂದಿದೆ. ಅಲ್ಲಿ ಮದುವೆಯು ಮೊದಲ ಕೆಲವು ಅಧ್ಯಾಯಗಳಲ್ಲೇ ನಡೆದುಹೋಗುತ್ತದೆ. ಅದೂ ಎಂತಹ ಮದುವೆ! ಸಾಲದಲ್ಲಿ ಮುಳುಗಿದ ಕುಲೀನನಿಗೂ ಶ್ರೀಮಂತ ವರ್ತಕನ ಮಗಳಿಗೂ. ಮೂವತ್ತೈದು ದಾಟಿದ ಪ್ರಭುವಿಗೂ ಹದಿನೇಳರ ಹುಡುಗಿಗೂ. ಒಂದು ಸೈನ್ಯದ ಅಧಿಕಾರಿಗೂ ಆ ಸೈನ್ಯವೇ ಸೂರೆಗೊಂಡ ಊರಿನ ಅನಾಥೆಗೂ. ಕುಲ, ವಯಸ್ಸು, ಧನ, ಮತ, ಇವುಗಳಲ್ಲಿ ಯಾವುದಾದರೊಂದು ಹೊಂದದ ಜೋಡಿ. 'ಇವರಿಬ್ಬರೂ ಒಂದಾಗುವರೇ?' ಎಂಬ ಹಳೆಯ ಪ್ರಶ್ನೆಗೆ ಬದಲು 'ಒಂದಾದವರು ಒಬ್ಬರನ್ನೊಬ್ಬರು ಅರಿಯುವರೇ?' ಎಂಬ ಹೊಸ ಪ್ರಶ್ನೆ ಅಲ್ಲಿ ಕಥೆಯನ್ನು ನಡೆಸುತ್ತದೆ.

ಇಂತಹ ಪುಸ್ತಕಗಳಿಗೆ ವಿಚಿತ್ರವಾದ ಒಂದು ಭಾಗ್ಯವಿದೆ. ಗ್ರಂಥಭಂಡಾರಗಳಲ್ಲಿ ಕೈಯಿಂದ ಕೈಗೆ ಓಡಾಡಿ ರಟ್ಟು ಹರಿದುಕೊಂಡವು ಅವೇ. ಸಾಹಿತ್ಯಚರಿತ್ರೆಯ ಪಾಠಗಳಲ್ಲಿ ಹೆಸರಿಲ್ಲದವೂ ಅವೇ. ಇಷ್ಟು ಜನ ಓದುವುದು ಬರಿಯ ಮೈಗಳ್ಳತನದಿಂದ ಎಂದು ತಳ್ಳಿಹಾಕುವುದು ಸುಲಭ. ಆ ಆಕರ್ಷಣೆ ಯಾವುದರಿಂದ ಹುಟ್ಟುತ್ತದೆ, ಅದನ್ನು ಎಲ್ಲಿಯವರೆಗೆ ನಂಬಬಹುದು ಎಂದು ವಿಚಾರಿಸುವುದು ಹೆಚ್ಚು ಉಪಯುಕ್ತವೆಂದು ತೋರಿದ್ದರಿಂದ ಈ ಲೇಖನ.

ಮೊದಲು ಈ ಬಗೆಯ ಕಥೆಯ ವಂಶಾವಳಿಯನ್ನು ಸ್ವಲ್ಪ ನೋಡೋಣ. ಸ್ಯಾಮ್ಯುಅಲ್ ರಿಚರ್ಡ್‌ಸನ್ 1740ರಲ್ಲಿ ಪ್ರಕಟಿಸಿದ 'ಪಮೇಲಾ' ಇಂಗ್ಲಿಷ್ ಕಾದಂಬರಿಯ ಆರಂಭಕಾಲದ ದೊಡ್ಡ ಕೃತಿಗಳಲ್ಲೊಂದು. ಹದಿನೈದು ವರ್ಷದ ಮನೆಗೆಲಸದ ಹುಡುಗಿಯೊಬ್ಬಳು ಯಜಮಾನನ ದುರಾಸೆಯನ್ನು ಎದುರಿಸಿ ನಿಂತು, ಕೊನೆಗೆ ಅವನ ಧರ್ಮಪತ್ನಿಯಾಗುವುದೇ ಅದರ ಕಥಾವಸ್ತು. ಅಕ್ಷರಸ್ಥನೊಬ್ಬ ಓದುತ್ತಿದ್ದ ಆ ಕಥೆಯನ್ನು ಕೇಳುತ್ತ ಬಂದ ಹಳ್ಳಿಯ ಜನ ಪಮೇಲಾಳ ಮದುವೆಯ ಸುದ್ದಿ ಬಂದ ದಿನ ಇಗರ್ಜಿಯ ಗಂಟೆ ಬಾರಿಸಿದರೆಂಬ ಐತಿಹ್ಯವೂ ಇದೆ. ಎಲ್ಲರೂ ಗಂಟೆ ಬಾರಿಸಲಿಲ್ಲವೆನ್ನಿ. ಹೆನ್ರಿ ಫೀಲ್ಡಿಂಗ್ ಮರುವರ್ಷವೇ 'ಶಮೇಲಾ' ಎಂಬ ಅಣಕುಕೃತಿಯಲ್ಲಿ ಅದೇ ಹುಡುಗಿಯನ್ನು ಯಜಮಾನನಿಗೆ ಬಲೆ ಬೀಸುವ ಚತುರೆಯನ್ನಾಗಿ ಚಿತ್ರಿಸಿದನು. ಹೊಂದದ ಮದುವೆಯನ್ನು ಕಂಡರೆ ಅರ್ಧ ಜನಕ್ಕೆ ಆನಂದ, ಇನ್ನರ್ಧ ಜನಕ್ಕೆ ಅನುಮಾನ. ಕಥೆಯಲ್ಲಿ ಹೇಗೋ ನಮ್ಮ ಬೀದಿಗಳಲ್ಲಿಯೂ ಹಾಗೆಯೇ.

'ಪಮೇಲಾ' ತನ್ನ ಕಾಲದ ಕಥೆ. ಹಿಂದಿನ ಕಾಲಕ್ಕೆ ಓದುಗರನ್ನು ಕರೆದೊಯ್ಯುವ ದಾರಿಯನ್ನು ಹೆದ್ದಾರಿ ಮಾಡಿದವನು ಸರ್ ವಾಲ್ಟರ್ ಸ್ಕಾಟ್. 1814ರ 'ವೇವರ್ಲಿ'ಯಿಂದ ಆರಂಭವಾದ ಅವನ ಕಾದಂಬರಿಗಳಲ್ಲಿ 1819ರ 'ಐವನ್‌ಹೊ' ನಮ್ಮ ವಿಷಯಕ್ಕೆ ಮುಖ್ಯವಾದುದು. ಅಲ್ಲಿ ಗಾಯಗೊಂಡ ನಾಯಕನನ್ನು ಶುಶ್ರೂಷೆ ಮಾಡಿ ಉಳಿಸುವವಳು ಯಹೂದಿ ಕನ್ಯೆ ರೆಬೆಕ್ಕಾ. ಅವನು ಅವಳಿಗಾಗಿ ದ್ವಂದ್ವಯುದ್ಧದ ಕಣಕ್ಕೂ ಇಳಿಯುತ್ತಾನೆ. ಆದರೂ ಮದುವೆಯಾಗುವುದು ತನ್ನ ಕುಲದ ರೊವೀನಾಳನ್ನು. ರೆಬೆಕ್ಕಾ ತಂದೆಯೊಡನೆ ಸ್ಪೇನ್ ದೇಶಕ್ಕೆ ಹೊರಟುಹೋಗುತ್ತಾಳೆ. ಓದುಗರು ಇದನ್ನು ಸುಲಭವಾಗಿ ಕ್ಷಮಿಸಲಿಲ್ಲ. ಸ್ಕಾಟ್ 1830ರಲ್ಲಿ ಪುಸ್ತಕಕ್ಕೆ ಹೊಸ ಮುನ್ನುಡಿ ಬರೆಯುವಾಗ, ಆ ಕಾಲದ ಮತದ್ವೇಷದಲ್ಲಿ ಅಂತಹ ವಿವಾಹ ಅಸಾಧ್ಯವಾಗಿತ್ತೆಂದೂ, ಸದ್ಗುಣಕ್ಕೆ ಲೌಕಿಕ ಸುಖವೇ ಬಹುಮಾನವೆಂದು ಎಳೆಯರಿಗೆ ಕಲಿಸುವುದು ತರವಲ್ಲವೆಂದೂ ಸಮಾಧಾನ ಹೇಳಬೇಕಾಯಿತು. ಅಷ್ಟಕ್ಕೂ ತೃಪ್ತನಾಗದ ಥ್ಯಾಕರೆ 1850ರಲ್ಲಿ 'ರೆಬೆಕ್ಕಾ ಅಂಡ್ ರೊವೀನಾ' ಎಂಬ ವಿನೋದಕೃತಿಯನ್ನು ಬರೆದು, ಐವನ್‌ಹೊ ಮತ್ತು ರೆಬೆಕ್ಕಾರನ್ನು ಒಂದುಗೂಡಿಸಿಯೇ ಬಿಟ್ಟನು. ಆದರೆ ಅದಕ್ಕಾಗಿ ರೆಬೆಕ್ಕಾಳನ್ನು ಮತಾಂತರಗೊಳಿಸಬೇಕಾಯಿತು. ಇತಿಹಾಸ ಒಪ್ಪದಿದ್ದ ಜೋಡಿಯನ್ನು ಓದುಗರ ಹಂಬಲ ಒಪ್ಪಿಸಿತು. ಆದರೂ ಬೆಲೆ ತೆತ್ತವಳು ಹೆಣ್ಣು.

ಈ ಕಥೆಯ ನೆರಳು ನಮ್ಮ ಕಡೆಗೂ ಚಾಚಿದೆ. ಬಂಕಿಮಚಂದ್ರರ 'ದುರ್ಗೇಶನಂದಿನಿ' (1865) ಪ್ರಕಟವಾದಾಗ ಅನೇಕರು ಅದನ್ನು 'ಐವನ್‌ಹೊ'ದೊಡನೆ ಹೋಲಿಸಿದರು. ತಾವು ಆ ಮೊದಲು ಸ್ಕಾಟನ ಕೃತಿಯನ್ನು ಓದಿರಲಿಲ್ಲವೆಂದು ಬಂಕಿಮರು ಹೇಳಿದ್ದುಂಟು. ಮೂಲ ಏನೇ ಇರಲಿ, ರಜಪೂತ ವೀರ ಜಗತ್‌ಸಿಂಹನನ್ನು ಗಾಯದಿಂದ ಉಳಿಸಿ ಅವನಿಗೆ ಮನಸ್ಸು ಕೊಟ್ಟವಳು ಪಠಾಣ ನವಾಬನ ಮಗಳು ಆಯೇಷಾ. ಅವನು ಕೈಹಿಡಿದದ್ದು ತಿಲೋತ್ತಮೆಯನ್ನು. ವಧುವಿಗೆ ತನ್ನ ಒಡವೆಗಳನ್ನು ತೊಡಿಸಿ ಆಯೇಷಾ ಹಿಂದಿರುಗುವ ಆ ದೃಶ್ಯವನ್ನು ಬಿ. ವೆಂಕಟಾಚಾರ್ಯರು ಕನ್ನಡಕ್ಕೆ ತಂದುಕೊಟ್ಟರು. ಕನ್ನಡದಲ್ಲಿ ಕಾದಂಬರಿಯೆಂಬುದು ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ನಮ್ಮ ಓದುಗರನ್ನು ತಯಾರು ಮಾಡಿದ್ದು ಅವರ ಅನುವಾದಗಳು. ಆಗದೆ ಹೋದ ಮದುವೆಯ ವ್ಯಥೆಯನ್ನು ಕನ್ನಡಿಗರು ಕಾದಂಬರಿಯ ರೂಪದಲ್ಲಿ ಬಹು ಮೊದಲೇ ಸವಿದಿದ್ದಾರೆ.

ಆಗದ ಮದುವೆಯಿಂದ ಆಗಿಹೋದ ಮದುವೆಗೆ ಬರೋಣ. ಇದರಲ್ಲಿ ಅಗ್ರಪಟ್ಟ ಸಲ್ಲಬೇಕಾದದ್ದು ಜಾರ್ಜೆಟ್ ಹೇಯರ್ (1902–1974) ಎಂಬ ಕಾದಂಬರಿಗಾರ್ತಿಗೆ. ಕಾಯಿಲೆಯಲ್ಲಿದ್ದ ತಮ್ಮನ ಬೇಸರ ಕಳೆಯಲೆಂದು ಹೇಳಿದ ಕಥೆಯೇ ಬೆಳೆದು 1921ರಲ್ಲಿ ಆಕೆಯ ಪ್ರಥಮ ಕಾದಂಬರಿ 'ದ ಬ್ಲ್ಯಾಕ್ ಮಾತ್' ಆಯಿತು. ಹುಚ್ಚು ಹಿಡಿದ ಮೂರನೆಯ ಜಾರ್ಜ್ ದೊರೆಯ ಪರವಾಗಿ ಯುವರಾಜನು ಆಳಿದ 1811ರಿಂದ 1820ರವರೆಗಿನ ಅವಧಿಯನ್ನು ಇಂಗ್ಲೆಂಡಿನಲ್ಲಿ ರೀಜೆನ್ಸಿ ಕಾಲವೆನ್ನುತ್ತಾರೆ. ಆ ಕಾಲದ ಉಡುಪು, ಸಾರೋಟು, ಆಡುಮಾತು, ಊಟದ ಮೇಜು, ಇವೆಲ್ಲವನ್ನೂ ಹೇಯರ್ ಟಿಪ್ಪಣಿ ಪುಸ್ತಕಗಳಲ್ಲಿ ಶ್ರದ್ಧೆಯಿಂದ ಬರೆದಿಟ್ಟುಕೊಂಡಿದ್ದಳು. ಪತ್ರಕರ್ತರಿಗೆ ಸಂದರ್ಶನ ಕೊಡುವ ಅಭ್ಯಾಸ ಮಾತ್ರ ಆಕೆಗಿರಲಿಲ್ಲ.

ಆಕೆಯ 'ದ ಕನ್ವೀನಿಯೆಂಟ್ ಮ್ಯಾರೇಜ್' (1934) ರೀಜೆನ್ಸಿಗಿಂತ ಒಂದು ತಲೆಮಾರು ಹಿಂದಿನ ಕಥೆ. ರೂಲ್ ಎಂಬ ಶ್ರೀಮಂತ ಪ್ರಭು ವಿನ್‌ವುಡ್ ಮನೆತನದ ಹಿರಿಯ ಮಗಳನ್ನು ಕೇಳಿದ್ದಾನೆ. ಅಣ್ಣ ಜೂಜಾಡಿ ಮನೆ ಹಾಳುಮಾಡಿರುವುದರಿಂದ ಬೇಡವೆನ್ನುವ ಸ್ಥಿತಿಯಲ್ಲಿ ಮನೆಯವರಿಲ್ಲ. ಆದರೆ ಆ ಹುಡುಗಿಯ ಮನಸ್ಸು ಒಬ್ಬ ಬಡ ಸೈನ್ಯಾಧಿಕಾರಿಯಲ್ಲಿದೆ. ಆಗ ಹದಿನೇಳು ವರ್ಷದ ಕಿರಿಯ ತಂಗಿ ಹೊರೇಷಿಯಾ ಒಂಟಿಯಾಗಿ ಪ್ರಭುವಿನ ಮನೆಗೆ ಹೋಗಿ, ಅಕ್ಕನ ಬದಲು ತನ್ನನ್ನು ಮದುವೆಯಾಗಬಹುದೇ ಎಂದು ಕೇಳುತ್ತಾಳೆ! ಅವಳ ಹುಬ್ಬು ದಪ್ಪ, ಮಾತು ತೊದಲು. ಅವನು ಅವಳಿಗಿಂತ ಎರಡು ಪಟ್ಟು ದೊಡ್ಡವನು. ತನ್ನ ಕೊರತೆಗಳನ್ನೆಲ್ಲ ತಾನೇ ಪಟ್ಟಿಮಾಡಿ ಒಪ್ಪಿಸುವ ಆ ಹುಡುಗಿಯನ್ನು ಕಂಡು ಅವನು ನಗುವುದಿಲ್ಲ, ಗೌರವದಿಂದ ಕೇಳುತ್ತಾನೆ. ಓದುಗನು ಪುಸ್ತಕವನ್ನು ಕೆಳಗಿಡಲಾರದೆ ಹೋಗುವುದು ಅಲ್ಲಿಂದ.

ಇದಕ್ಕಿಂತ ಗಂಭೀರವಾದದ್ದು 1961ರ 'ಎ ಸಿವಿಲ್ ಕಾಂಟ್ರಾಕ್ಟ್'. ನೆಪೋಲಿಯನ್ನನ ವಿರುದ್ಧದ ಯುದ್ಧದಲ್ಲಿದ್ದ ಆಡಮ್ ಡೆವರಿಲ್ ತಂದೆ ಸತ್ತ ಸುದ್ದಿ ಕೇಳಿ ಮನೆಗೆ ಮರಳಿದರೆ, ಪದವಿಯೊಡನೆ ಸಾಲದ ಬೆಟ್ಟವೂ ಅವನ ಪಾಲಿಗೆ ಬಂದಿರುತ್ತದೆ. ಪೂರ್ವಜರ ಫಾಂಟ್‌ಲಿ ಎಂಬ ಜಹಗೀರು ಅಡವಿನಲ್ಲಿದೆ. ಅವನು ಪ್ರೀತಿಸಿದವಳು ಜೂಲಿಯಾ, ಚಿತ್ರದಲ್ಲಿ ಬರೆದಂತಹ ಚೆಲುವೆ. ಆದರೆ ಮನೆ ಉಳಿಯಬೇಕಾದರೆ ಲಂಡನ್ನಿನ ಮಹಾಶ್ರೀಮಂತ ವರ್ತಕ ಚಾವ್ಲಿಯ ಮಗಳು ಜೆನ್ನಿಯನ್ನು ಮದುವೆಯಾಗಬೇಕು. ಜೆನ್ನಿ ಗಿಡ್ಡು, ದಪ್ಪ, ಮಾತು ಕಡಿಮೆ. ಮೇಲಾಗಿ ಜೂಲಿಯಾಳ ಶಾಲಾಗೆಳತಿ. ಅವಳು ಆಡಮ್‌ನನ್ನು ಬಹಳ ದಿನದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದಾಳೆ. ಈ ಗುಟ್ಟು ಅವನಿಗೆ ತಿಳಿಯದು.

ಮುಂದೆ ನಡೆಯುವುದೆಲ್ಲ ಸಣ್ಣ ಸಣ್ಣ ಸಂಗತಿಗಳು. ಮಾವನ ಔದಾರ್ಯ ಅಳಿಯನಿಗೆ ಉಸಿರುಗಟ್ಟಿಸುತ್ತದೆ: ಕೇಳದ ಉಡುಗೊರೆ, ಬೇಡದ ಬೆಡಗು. ಬೇಡವೆಂದರೆ ಮುದುಕನ ಮನಸ್ಸು ನೋಯುತ್ತದೆ, ಬೇಕೆಂದರೆ ತನ್ನ ಮಾನ ಹೋಗುತ್ತದೆ. ಮನೆಯಳಿಯನ ಕಷ್ಟವನ್ನು ಬಲ್ಲ ನಮ್ಮ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೆನ್ನಿಯಾದರೋ ಗಂಡನಿಗೆ ಯಾವ ತಿಂಡಿ ಇಷ್ಟ, ಯಾವ ಕುರ್ಚಿಯಲ್ಲಿ ಕುಳಿತರೆ ಅವನಿಗೆ ಹಿತ, ಯಾವಾಗ ಮಾತಾಡಿಸಬಾರದು ಎಂಬುದನ್ನು ಕಲಿಯುತ್ತಾಳೆ. 1815ರಲ್ಲಿ ವಾಟರ್ಲೂ ಯುದ್ಧದ ಗಾಳಿಸುದ್ದಿಗೆ ಲಂಡನ್ನಿನ ವರ್ತಕರೆಲ್ಲ ಬೆದರಿದಾಗ, ಮಾವನೂ ಬೇಗ ಸರ್ಕಾರಿ ಸಾಲಪತ್ರಗಳನ್ನು ಮಾರಿಬಿಡೆಂದು ಒತ್ತಾಯಿಸುತ್ತಾನೆ. ವೆಲಿಂಗ್ಟನ್ ಸೋಲಲಾರನೆಂದು ಸೈನಿಕನಾಗಿ ಬಲ್ಲ ಆಡಮ್ ತಿರುಗಿ ಕೊಳ್ಳುತ್ತಾನೆ; ಗೆಲ್ಲುತ್ತಾನೆ. ಮಾವನ ಹಂಗಿನಿಂದ ಹೊರಬಂದ ಮೇಲೆಯೇ ಅವನಿಗೆ ಹೆಂಡತಿಯ ಮುಖ ಸರಿಯಾಗಿ ಕಾಣುತ್ತದೆ. ಜೂಲಿಯಾ ಕನಸು, ಜೆನ್ನಿ ಬದುಕು ಎಂಬ ಅರಿವಿನಲ್ಲಿ ಪುಸ್ತಕ ಮುಗಿಯುತ್ತದೆ. ಕೆಲವು ಓದುಗರಿಗೆ ಇದು ನಿರಾಶೆ ತಂದಿದೆ, ಏಕೆಂದರೆ ಇಲ್ಲಿ ಮಿಂಚಿಲ್ಲ, ಗುಡುಗಿಲ್ಲ. ನನಗೆ ಹೇಯರಳ ಕೃತಿಗಳಲ್ಲಿ ಇದೇ ಹೆಚ್ಚು ಪ್ರಾಮಾಣಿಕವೆಂದು ತೋರುತ್ತದೆ.

ಇನ್ನು ಆಕರ್ಷಣೆಯ ಕಾರಣಗಳಿಗೆ ಬರೋಣ.

ಮೊದಲನೆಯದು, ಅಡ್ಡಿಗಳ ಗಟ್ಟಿತನ. ಪ್ರೇಮಕಥೆಗೆ ಅಡ್ಡಿ ಬೇಕು. ಅಡ್ಡಿಯಿಲ್ಲದಿದ್ದರೆ ಕಥೆ ಎರಡನೆಯ ಪುಟಕ್ಕೇ ಮುಗಿಯುತ್ತದೆ. ಮೊಬೈಲ್ ಫೋನಿನಲ್ಲಿ ಕ್ಷಣಕ್ಕೊಂದು ಸಂದೇಶ ಕಳಿಸಬಲ್ಲ ಇಂದಿನ ಪ್ರೇಮಿಗಳ ನಡುವೆ ಅಪಾರ್ಥವನ್ನು ಮುನ್ನೂರು ಪುಟ ಉಳಿಸುವುದು ಲೇಖಕನಿಗೆ ಪ್ರಯಾಸದ ಕೆಲಸ. ಹಳೆಯ ಇಂಗ್ಲೆಂಡಿನಲ್ಲಿ ಅಡ್ಡಿಗಳನ್ನು ಕಾನೂನೇ ಒದಗಿಸಿತ್ತು. 1754ರಿಂದ ಜಾರಿಗೆ ಬಂದ ಹಾರ್ಡ್‌ವಿಕ್ ವಿವಾಹಶಾಸನದ ಪ್ರಕಾರ ಮದುವೆಯ ಪ್ರಕಟಣೆಯನ್ನು ಇಗರ್ಜಿಯಲ್ಲಿ ಓದಿಸಬೇಕು ಇಲ್ಲವೆ ಪರವಾನಗಿ ಪಡೆಯಬೇಕು. 21 ತುಂಬದವರು ಪರವಾನಗಿಯಿಂದ ಮದುವೆಯಾಗಲು ತಂದೆಯ ಒಪ್ಪಿಗೆ ಬೇಕು. ಸ್ಕಾಟ್ಲೆಂಡಿಗೆ ಈ ಶಾಸನ ಅನ್ವಯಿಸುತ್ತಿರಲಿಲ್ಲವಾದ್ದರಿಂದ ಓಡಿಹೋಗುವ ಜೋಡಿಗಳು ಗಡಿಯಾಚೆಯ ಗ್ರೆಟ್ನಾ ಗ್ರೀನ್ ಎಂಬ ಹಳ್ಳಿಯ ದಾರಿ ಹಿಡಿಯುತ್ತಿದ್ದವು. ಆಸ್ತಿಯೆಲ್ಲ ಹಿರಿಯ ಮಗನಿಗೆ; ಕಿರಿಯರಿಗೆ ಸೈನ್ಯ ಅಥವಾ ಇಗರ್ಜಿಯ ಕೆಲಸ; ಹೆಣ್ಣುಮಕ್ಕಳಿಗೆ ಮದುವೆಯೇ ಜೀವನೋಪಾಯ. ಹೀಗಿರುವಲ್ಲಿ ಹಣಕ್ಕಾಗಿ ಮದುವೆಯಾದವನನ್ನು ಖಳನೆಂದು ಓದುಗ ದೂರುವಂತಿಲ್ಲ. ಪಾತ್ರಗಳು ಒಳ್ಳೆಯವರಾಗಿದ್ದೂ ಇಕ್ಕಟ್ಟಿನಲ್ಲಿ ಸಿಕ್ಕುವುದು ಇದರಿಂದ ಸಾಧ್ಯವಾಗುತ್ತದೆ.

ಎರಡನೆಯದು, ಮೌನದ ಹಾಸ್ಯ ಮತ್ತು ಮೌನದ ನೋವು. 'ಏಪ್ರಿಲ್ ಲೇಡಿ' (1957) ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿಯ ನೆಲ್‌ಗೆ ಗಂಡನ ಮೇಲೆ ಪ್ರಾಣ. ಆದರೆ ಇದು ಅನುಕೂಲದ ಮದುವೆ, ಒಲವನ್ನು ತೋರಿಸಿಕೊಂಡು ಅವನಿಗೆ ಬೇಸರ ತರಬೇಡವೆಂದು ತಾಯಿ ಬುದ್ಧಿ ಹೇಳಿ ಕಳಿಸಿದ್ದಾಳೆ. ಗಂಡನಿಗೂ ಅವಳ ಮೇಲೆ ಅಷ್ಟೇ ಮೋಹ. ಆದರೆ ಅವಳು ತನ್ನ ಹಣಕ್ಕಾಗಿ ಬಂದವಳೆಂಬ ಅಳುಕು. ಒಂದು ದುಬಾರಿ ಉಡುಪಿನ ಬಾಕಿಯನ್ನು ಅವಳು ಮುಚ್ಚಿಡುವುದರಿಂದ ಕಥೆಯ ಗೋಜಲೆಲ್ಲ ಹುಟ್ಟುತ್ತದೆ. ಇಬ್ಬರ ಮನಸ್ಸೂ ಓದುಗನಿಗೆ ಗೊತ್ತು. ಅವರಿಗೆ ಮಾತ್ರ ಪರಸ್ಪರ ಗೊತ್ತಿಲ್ಲ. 'ಅಯ್ಯೋ, ಒಂದು ಮಾತು ಬಾಯಿಬಿಟ್ಟು ಹೇಳಬಾರದೇ!' ಎಂದು ಪುಟ ಪುಟಕ್ಕೂ ಚಡಪಡಿಸುವಂತೆ ಮಾಡುವುದೇ ಕಥೆಗಾರ್ತಿಯ ಜಾಣ್ಮೆ. ಒಂದೇ ಸೂರಿನ ಕೆಳಗಿದ್ದು ಅಪರಿಚಿತರಾಗಿರುವ ಸ್ಥಿತಿ ದೂರದೇಶದ್ದೇನಲ್ಲ. ನಮ್ಮ ಎಷ್ಟು ಮನೆಗಳಲ್ಲಿ ಗಂಡಹೆಂಡಿರ ಮಾತು ಮಕ್ಕಳ ಮೂಲಕವೇ ನಡೆಯುವುದಿಲ್ಲ!

ಮೂರನೆಯದು, ಸಂಸಾರದ ವಿವರ. ಪುರುಷರು ಬರೆದ ಬಹಳಷ್ಟು ಐತಿಹಾಸಿಕ ಕಾದಂಬರಿಗಳಲ್ಲಿ ಇತಿಹಾಸವೆಂದರೆ ಕೋಟೆ, ಕತ್ತಿ, ಸಂಧಿಪತ್ರ. ಇಲ್ಲಿ ಇತಿಹಾಸವೆಂದರೆ ಮೇಣದಬತ್ತಿಯ ಖರ್ಚು, ಅಡುಗೆಯವಳ ಮುನಿಸು, ತಂಗಿಯ ಮದುವೆಯ ಚಿಂತೆ. ಮದುವೆಯ ಕರಾರುಪತ್ರದಲ್ಲಿ ಹೆಂಡತಿಯ ಕೈಖರ್ಚಿಗೆ ವರ್ಷಕ್ಕೆಷ್ಟು, ವಿಧವೆಯಾದರೆ ಜೀವನಾಂಶವೆಷ್ಟು ಎಂಬುದನ್ನು ವಕೀಲರು ಮುಂಚೆಯೇ ಬರೆದಿಡುತ್ತಿದ್ದರು. ಪ್ರೇಮವನ್ನು ಮುಗಿಲಿನಿಂದ ಇಳಿಸಿ ಲೆಕ್ಕದ ಪುಸ್ತಕದ ಪಕ್ಕದಲ್ಲಿ ಕೂರಿಸುವ ಈ ಧೈರ್ಯ ನನಗೆ ಮೆಚ್ಚುಗೆಯಾಗುತ್ತದೆ. ಜೇನ್ ಆಸ್ಟೆನ್ ತನ್ನ ಸಮಕಾಲೀನರನ್ನು ಕುರಿತು ಮಾಡಿದ್ದೂ ಇದನ್ನೇ. 1813ರ 'ಪ್ರೈಡ್ ಅಂಡ್ ಪ್ರೆಜುಡಿಸ್'ನಲ್ಲಿ ಇಪ್ಪತ್ತೇಳು ವರ್ಷದ ಷಾರ್ಲೆಟ್ ಲ್ಯೂಕಸ್ ಮೂರ್ಖ ಪಾದ್ರಿಯನ್ನು ಒಪ್ಪಿಕೊಳ್ಳುವುದು ಒಂದು ಮನೆಗಾಗಿ. ಆಸ್ಟೆನ್ ಆ ಮದುವೆಗೆ ಒಲವನ್ನು ಕರುಣಿಸಲಿಲ್ಲ. ರಮ್ಯಕಾದಂಬರಿ ಕರುಣಿಸುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಅಲ್ಲಿದೆ.

ನಾಲ್ಕನೆಯದು ನಮಗೆ ವಿಶೇಷವಾದದ್ದು. ಒಲವು ಮೊದಲು, ಮದುವೆ ಆಮೇಲೆ ಎಂದು ನಂಬಿದ ಪಾಶ್ಚಾತ್ಯ ಓದುಗನಿಗೆ 'ಮೊದಲು ಮದುವೆ, ಆಮೇಲೆ ಒಲವು' ಎಂಬುದು ರಮ್ಯ, ಅದ್ಭುತ. ನಮಗೋ ಅದು ಅಜ್ಜಿಯ ಚರಿತ್ರೆ. ಹಸೆಮಣೆಯ ಮೇಲೆ ಅಂತಃಪಟ ಸರಿದಾಗ ಮೊದಲು ಮುಖ ನೋಡಿಕೊಂಡ ದಂಪತಿಗಳು ನಮ್ಮ ಹಿಂದಿನ ತಲೆಮಾರುಗಳಲ್ಲಿ ಅಪರೂಪವಾಗಿರಲಿಲ್ಲ. ಆದ್ದರಿಂದ ಹೊರೇಷಿಯಾಳ ಪಾಡು ಲಂಡನ್ನಿನ ಓದುಗಳಿಗಿಂತ ನಮಗೆ ಹತ್ತಿರ. ಆದರೆ ಒಂದು ಭೇದವನ್ನು ಮರೆಯಬಾರದು. ಆ ಕಥೆಗಳ ನವದಂಪತಿಗಳಿಗೆ ಏಕಾಂತವಿದೆ. ಕುಲೀನರಲ್ಲಿ ಗಂಡ ಸತ್ತ ಅತ್ತೆಗೆ ಬೇರೆ ಮನೆಯನ್ನೇ ಬಿಟ್ಟುಕೊಡುವ ಪದ್ಧತಿಯಿತ್ತು. ಅತ್ತೆ, ಓರಗಿತ್ತಿ, ನಾದಿನಿಯರೆಲ್ಲ ಒಂದೇ ಅಡುಗೆಮನೆಯಲ್ಲಿದ್ದರೆ ಜೆನ್ನಿಗೆ ಗಂಡನ ಇಷ್ಟದ ತಿಂಡಿಯನ್ನು ಅರಿಯುವುದಕ್ಕೆ ಎಷ್ಟು ವರ್ಷ ಹಿಡಿಯುತ್ತಿತ್ತೋ!

ಐದನೆಯದು ಭರವಸೆ. ಎಷ್ಟೇ ಬಿರುಗಾಳಿಯೆದ್ದರೂ ಹಡಗು ದಡ ಸೇರುತ್ತದೆಂದು ಓದುಗನಿಗೆ ಮೊದಲೇ ಗೊತ್ತು. ಇದನ್ನು ದೌರ್ಬಲ್ಯವೆನ್ನುವವರುಂಟು. ಹೇಯರಳ 'ಫ್ರೈಡೇಸ್ ಚೈಲ್ಡ್' (1944) ಒಂದು ತಮಾಷೆಯ ಕಥೆ: ಚೆಲುವೆಯೊಬ್ಬಳು ತಿರಸ್ಕರಿಸಿದ ಸಿಟ್ಟಿಗೆ, ಕಣ್ಣಿಗೆ ಬಿದ್ದ ಮೊದಲ ಹೆಣ್ಣನ್ನು ಮದುವೆಯಾಗುತ್ತೇನೆಂದು ಹೊರಟ ತರುಣನೊಬ್ಬ, ಯಾರೂ ದಿಕ್ಕಿಲ್ಲದ ಬಾಲ್ಯಸ್ನೇಹಿತೆಯನ್ನು ಕೈಹಿಡಿದು ಆಮೇಲೆ ಬಾಳುವುದನ್ನು ಕಲಿಯುತ್ತಾನೆ. ರುಮೇನಿಯಾದ ಸೆರೆಮನೆಯಲ್ಲಿ ಹಲವು ವರ್ಷ ರಾಜಕೀಯ ಬಂಧಿಯಾಗಿದ್ದ ಮಹಿಳೆಯೊಬ್ಬಳು, ಈ ಕಥೆಯನ್ನು ನೆನಪಿನಿಂದ ಮತ್ತೆ ಮತ್ತೆ ಹೇಳುತ್ತ ತನ್ನ ಜೊತೆಯ ಬಂಧಿಗಳ ಸ್ಥೈರ್ಯವನ್ನು ಉಳಿಸಿದ್ದಾಗಿ ಹೇಯರಳಿಗೆ ಕಾಗದ ಬರೆದಿದ್ದಳು. ಅಭಿಮಾನಿಗಳ ಪತ್ರಗಳಿಗೆ ಅಷ್ಟಾಗಿ ಬೆಲೆ ಕೊಡದ ಆ ಲೇಖಕಿ ಇದೊಂದನ್ನು ಜೋಪಾನ ಮಾಡಿದಳಂತೆ. ಕತ್ತಲೆಯಲ್ಲಿರುವವರಿಗೆ ದುರಂತನಾಟಕಗಳಿಗಿಂತ ಹೀಗೊಂದು ನಗೆದೀಪ ಹೆಚ್ಚು ಬೇಕಾಗಬಹುದು. ಅದನ್ನು ಕೀಳೆಂದು ಹೇಳುವ ಅಧಿಕಾರ ಬೆಳಕಿನಲ್ಲಿ ಕುಳಿತ ನಮಗಿಲ್ಲ.

ಇಷ್ಟು ಹೊಗಳಿಕೆಯಾಯಿತು. ಇನ್ನು ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು.

ಈ ಕಾದಂಬರಿಗಳು ಹೇಳದೆ ಬಿಡುವ ಸತ್ಯವೊಂದಿದೆ. ಮದುವೆಯಾದ ಹೆಣ್ಣಿಗೆ ಆ ಕಾಲದ ಆಂಗ್ಲ ಕಾನೂನಿನಲ್ಲಿ ಪ್ರತ್ಯೇಕ ಅಸ್ತಿತ್ವವೇ ಇರಲಿಲ್ಲ. ಗಂಡಹೆಂಡಿರು ಒಂದೇ ವ್ಯಕ್ತಿ. ಆ ವ್ಯಕ್ತಿ ಗಂಡ! ಕರಾರಿನ ಮೂಲಕ ಬೇರೆಯಾಗಿ ಕಾದಿರಿಸಿದ್ದನ್ನು ಬಿಟ್ಟರೆ ಅವಳ ಹಣ, ಗಳಿಕೆ ಎಲ್ಲವೂ ಅವನದು. ಮಕ್ಕಳೂ ಅವನವರೇ. 1857ರ ಶಾಸನ ಬರುವವರೆಗೆ ಪುನರ್ವಿವಾಹಕ್ಕೆ ಎಡೆಕೊಡುವ ವಿಚ್ಛೇದನಕ್ಕಾಗಿ ಪಾರ್ಲಿಮೆಂಟಿನಲ್ಲಿ ಖಾಸಗಿ ಮಸೂದೆಯನ್ನೇ ಅಂಗೀಕರಿಸಿಕೊಳ್ಳಬೇಕಾಗಿತ್ತು. ಆ ದಾರಿಯಲ್ಲಿ ಬಿಡುಗಡೆ ಪಡೆದ ಹೆಂಗಸರ ಸಂಖ್ಯೆ ಕೇವಲ 4. ವಿವಾಹಿತೆಯರ ಆಸ್ತಿಯ ಹಕ್ಕಿಗೆ 1870 ಮತ್ತು 1882ರ ಶಾಸನಗಳವರೆಗೆ ಕಾಯಬೇಕಾಯಿತು.

ಇದರ ಅರ್ಥವನ್ನು ಅನುಭವಿಸಿ ತೋರಿಸಿದವಳು ಕೆರೊಲಿನ್ ನಾರ್ಟನ್. ನಾಟಕಕಾರ ಶೆರಿಡನ್ನನ ಮೊಮ್ಮಗಳಾದ ಈಕೆ 1827ರಲ್ಲಿ ಜಾರ್ಜ್ ನಾರ್ಟನ್ ಎಂಬ ವಕೀಲನನ್ನು ಮದುವೆಯಾದಳು. ಅವನು ಅವಳನ್ನು ಹೊಡೆಯುತ್ತಿದ್ದನು. 1836ರಲ್ಲಿ ಪ್ರಧಾನಮಂತ್ರಿ ಲಾರ್ಡ್ ಮೆಲ್ಬರ್ನನೊಡನೆ ಅವಳ ಹೆಸರನ್ನು ಸೇರಿಸಿ ದಾವೆ ಹೂಡಿ ಸೋತನು. ಸೋತರೂ ಮೂವರು ಗಂಡುಮಕ್ಕಳನ್ನು ತಾಯಿಯಿಂದ ಅಗಲಿಸಿಟ್ಟನು; ಕಾನೂನು ಅವನ ಪಕ್ಷದಲ್ಲಿತ್ತು. ಅವಳು ಬರೆದು ಗಳಿಸಿದ ಹಣವೂ ಕಾನೂನಿನ ಕಣ್ಣಿನಲ್ಲಿ ಅವನದೇ. ಅವಳು ಹೂಡಿದ ಲೇಖನಸಮರದಿಂದಾಗಿ 1839ರಲ್ಲಿ ಎಳೆಯ ಮಕ್ಕಳ ಪಾಲನೆಗೆ ತಾಯಿಯೂ ನ್ಯಾಯಾಲಯವನ್ನು ಕೇಳಬಹುದೆಂಬ ಶಾಸನ ಬಂದಿತು. ಹೊರೇಷಿಯಾಳ ರೂಲ್ ಪ್ರಭು ಸಜ್ಜನನಾದದ್ದು ಲೇಖಕಿಯ ಕೃಪೆಯಿಂದ. ಅವನು ಜಾರ್ಜ್ ನಾರ್ಟನ್ ಆಗಿದ್ದರೆ ಅವಳನ್ನು ಕಾಯುವ ಬಾಗಿಲು ಯಾವುದೂ ಇರಲಿಲ್ಲ.

ನಿಜಜೀವನದ ಹೊಂದದ ಜೋಡಿಗಳು ಏನಾದವೆಂಬುದಕ್ಕೆ ಎರಡು ನಿದರ್ಶನಗಳನ್ನು ಕೊಡಬಹುದು. ಮೊದಲನೆಯದಕ್ಕೆ ನಮ್ಮ ಶ್ರೀರಂಗಪಟ್ಟಣದ ನಂಟಿದೆ. ಐರ್ಲೆಂಡಿನ ಬಡ ಸೈನ್ಯಾಧಿಕಾರಿ ಆರ್ಥರ್ ವೆಲೆಸ್ಲಿ ಕಿಟ್ಟಿ ಪೇಕನಮ್ ಎಂಬ ಕುಲೀನ ಕನ್ಯೆಯನ್ನು ಕೇಳಿದಾಗ ಅವಳ ಮನೆಯವರು ಹಣವಿಲ್ಲದವನೆಂದು ಅಟ್ಟಿದರು. ಅವನು 1797ರಲ್ಲಿ ಭಾರತಕ್ಕೆ ಬಂದನು. 1799ರಲ್ಲಿ ಟಿಪ್ಪು ಸುಲ್ತಾನನ ಪತನವಾದ ಮೇಲೆ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡು ದರಿಯಾ ದೌಲತ್ ಅರಮನೆಯಲ್ಲಿ ವಾಸಮಾಡಿದನು. 1805ರಲ್ಲಿ ಕೀರ್ತಿಯನ್ನೂ ಐಶ್ವರ್ಯವನ್ನೂ ಹೊತ್ತು ಮರಳಿದನು. ಹತ್ತು ವರ್ಷಕ್ಕೂ ಮೇಲ್ಪಟ್ಟು ಮುಖ ಕಾಣದಿದ್ದ ಕಿಟ್ಟಿಯನ್ನು, ಕೊಟ್ಟ ಮಾತಿಗಾಗಿ, 1806ರ ಏಪ್ರಿಲಿನಲ್ಲಿ ಡಬ್ಲಿನ್ನಿನಲ್ಲಿ ಮದುವೆಯಾದನು. ಕಾದಂಬರಿಗೆ ಇದಕ್ಕಿಂತ ಒಳ್ಳೆಯ ವಸ್ತು ಬೇಕೆ? ಆದರೆ ಆ ಮದುವೆ ಸುಖದ್ದಾಗಲಿಲ್ಲ. ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಎನಿಸಿ ನೆಪೋಲಿಯನ್ನನನ್ನು ಗೆದ್ದವನು ಹೆಂಡತಿಯ ಮನಸ್ಸನ್ನು ಗೆಲ್ಲುವ ಪ್ರಯತ್ನವನ್ನೇ ಬಿಟ್ಟಿದ್ದನು. ಅವಳು 1831ರಲ್ಲಿ ತೀರಿಕೊಳ್ಳುವವರೆಗೂ ಇಬ್ಬರ ನಡುವಿನ ಬಿರುಕು ಪೂರ್ತಿಯಾಗಿ ಮುಚ್ಚಲಿಲ್ಲ.

ಎರಡನೆಯ ಜೋಡಿ ಅದೇ ವೆಲಿಂಗ್ಟನ್ನನ ಸೈನ್ಯದ್ದು. 1812ರ ಏಪ್ರಿಲಿನಲ್ಲಿ ಸ್ಪೇನಿನ ಬಡಹೋಸ್ ಪಟ್ಟಣವನ್ನು ಗೆದ್ದ ಆಂಗ್ಲ ಸೈನಿಕರು ಊರನ್ನು ಸೂರೆಗೈದರು. ಆಗ ಕಿವಿಯೋಲೆ ಕಿತ್ತುಕೊಂಡು ರಕ್ತ ಸುರಿಯುತ್ತಿದ್ದ ಇಬ್ಬರು ಅಕ್ಕತಂಗಿಯರು ಶಿಬಿರಕ್ಕೆ ಬಂದು ರಕ್ಷಣೆ ಬೇಡಿದರು. ತಂಗಿ ಹುವಾನಾಳನ್ನು ಕೆಲವೇ ದಿನಗಳಲ್ಲಿ ಹ್ಯಾರಿ ಸ್ಮಿತ್ ಎಂಬ 24 ವರ್ಷದ ಅಧಿಕಾರಿ ಮದುವೆಯಾದನು. ಅವಳು ಕೆಥೊಲಿಕ್, ಅವನು ಪ್ರಾಟೆಸ್ಟೆಂಟ್. ಅವಳಿಗೆ ಕೇವಲ 14 ವರ್ಷ. ಇಂದಿನ ನಮಗೆ ಆ ವಯಸ್ಸು ಎದೆ ನಡುಗಿಸುತ್ತದೆ, ನಡುಗಿಸಲೇಬೇಕು. ಆದರೂ ಆ ದಾಂಪತ್ಯ ಅವನು 1860ರಲ್ಲಿ ಸಾಯುವವರೆಗೆ ಅನ್ಯೋನ್ಯವಾಗಿ ನಡೆಯಿತು. ಅವಳು ಕುದುರೆಯೇರಿ ಸೈನ್ಯದೊಡನೆ ಅಲೆದಳು. ದಕ್ಷಿಣ ಆಫ್ರಿಕದ ಲೇಡಿಸ್ಮಿತ್ ಪಟ್ಟಣಕ್ಕೆ ಅವಳದೇ ಹೆಸರು. ಇವರ ಕಥೆಯನ್ನೇ ಹೇಯರ್ 1940ರ 'ದ ಸ್ಪ್ಯಾನಿಷ್ ಬ್ರೈಡ್'ನಲ್ಲಿ ಬರೆದಳು. ಹೊರನೋಟಕ್ಕೆ ಹೊಂದಬೇಕಾಗಿದ್ದ ಜೋಡಿ ಒಡೆಯಿತು, ಯಾವುದರಲ್ಲೂ ಹೊಂದದ ಜೋಡಿ ಬಾಳಿತು. ಇದರಿಂದ ಸೂತ್ರವೊಂದನ್ನು ಕಟ್ಟಲು ಹೊರಟರೆ ಸೋಲುತ್ತೇವೆ. ಹೊಂದಾಣಿಕೆ ಕುಲ ಧನಗಳಲ್ಲಿ ಸಿದ್ಧವಾಗಿ ಬರುವ ವಸ್ತುವಲ್ಲ ಎಂಬಷ್ಟು ಮಾತ್ರ ಹೇಳಬಹುದು.

ಕೊನೆಯದಾಗಿ ಒಂದು ಕಾಕತಾಳೀಯವನ್ನು ಗಮನಿಸಬೇಕು. ಹಣವಂತ ಮಾವನೊಬ್ಬ ಮಗಳಿಗೆ ಪದವಿವಂತ ವರನನ್ನು ಕೊಂಡುಕೊಳ್ಳುವ 'ಎ ಸಿವಿಲ್ ಕಾಂಟ್ರಾಕ್ಟ್' ಅಚ್ಚಾದ 1961ರಲ್ಲಿಯೇ ನಮ್ಮ ದೇಶದಲ್ಲಿ ವರದಕ್ಷಿಣೆ ನಿಷೇಧ ಶಾಸನ ಅಂಗೀಕಾರವಾಯಿತು. ಅಲ್ಲಿಯ ಓದುಗರಿಗೆ ಕ್ರಯದ ಮದುವೆ ನೂರೈವತ್ತು ವರ್ಷ ಹಳೆಯ, ಆದ್ದರಿಂದ ರಮ್ಯವಾದ ಸಂಗತಿ. ಕಾನೂನು ಬಂದು ಇಷ್ಟು ದಶಕಗಳಾದರೂ ನಮಗದು ಬೆಳಗಿನ ವೃತ್ತಪತ್ರಿಕೆಯ ಸಂಗತಿ. ಚಾವ್ಲಿ ಮಾವನ ಉಡುಗೊರೆಗಳನ್ನು ಓದಿ ನಗುವಾಗ, ಉಡುಗೊರೆ ಸಾಲದೆಂದು ಪ್ರಾಣ ಕಳೆದುಕೊಂಡ ನಮ್ಮ ಹೆಣ್ಣುಮಕ್ಕಳ ನೆನಪು ಬಂದರೆ ಆ ನಗೆ ಗಂಟಲಲ್ಲೇ ನಿಲ್ಲುತ್ತದೆ. ಜೆನ್ನಿಯಂತೆ ತಾಳ್ಮೆಯಿಂದಿದ್ದರೆ ಎಲ್ಲ ಸರಿಹೋಗುತ್ತದೆ ಎಂಬ ಪಾಠವನ್ನು ಈ ಕಾದಂಬರಿಗಳಿಂದ ಯಾರಾದರೂ ಎತ್ತಿಕೊಂಡು ಸೊಸೆಯಂದಿರಿಗೆ ಬೋಧಿಸಿದರೆ ಅದು ದ್ರೋಹ. ತಾಳ್ಮೆ ಫಲಿಸಿದ್ದು ಆಡಮ್‌ನಲ್ಲಿ ನಾಚಿಕೆಯೂ ಸೌಜನ್ಯವೂ ಇದ್ದುದರಿಂದ.

ಹಾಗಾದರೆ ಇವನ್ನು ಓದಬೇಕೇ, ಬಿಡಬೇಕೇ? 1969ರಲ್ಲಿಯೇ ಎ. ಎಸ್. ಬ್ಯಾಟ್ ಎಂಬ ಲೇಖಕಿ ಹೇಯರಳ ಕಲೆ ವಿಮರ್ಶಕರು ತಿಳಿದುದಕ್ಕಿಂತ ಹಿರಿದೆಂದು ಪ್ರಬಂಧ ಬರೆದು ವಾದಿಸಿದಳು. 1984ರಲ್ಲಿ ಜಾನಿಸ್ ರ‍್ಯಾಡ್ವೇ ಎಂಬ ವಿದುಷಿ ಅಮೆರಿಕದ ರಮ್ಯಕಾದಂಬರಿಗಳ ಓದುಗಿತ್ತಿಯರನ್ನೇ ಮಾತಾಡಿಸಿ ಗ್ರಂಥ ಬರೆದಾಗ, ದಿನವಿಡೀ ಗಂಡ ಮಕ್ಕಳ ಸೇವೆಯಲ್ಲಿರುವ ಗೃಹಿಣಿಗೆ ಪುಸ್ತಕ ಹಿಡಿದು ಕುಳಿತ ಹೊತ್ತೇ ತನ್ನದೆನ್ನಬಹುದಾದ ಹೊತ್ತು ಎಂಬುದು ಕಂಡುಬಂತು. ಈ ಮಾತು ಯೋಚಿಸತಕ್ಕದ್ದು. ಕಥೆಯಲ್ಲಿ ಗಂಡನು ಹೆಂಡತಿಯ ಮಾತಿಗೆ ಕಿವಿಗೊಡುವುದು ಓದುಗಿತ್ತಿಗೆ ರಮ್ಯವಾಗಿ ಕಾಣುವುದಾದರೆ, ಅವಳ ಮನೆಯಲ್ಲಿ ಅದು ಎಷ್ಟು ಅಪರೂಪವಾಗಿರಬೇಕು!

ಓದೋಣ, ಸಂತೋಷದಿಂದಲೇ ಓದೋಣ. ಆದರೆ ಹೊರೇಷಿಯಾಳೊಡನೆ ಕೆರೊಲಿನ್ ನಾರ್ಟನಳನ್ನೂ ನೆನೆಯೋಣ. ಈ ಕಥೆಗಳು ಎತ್ತಿಹಿಡಿಯುವ ಆದರ್ಶ ನಿಜಕ್ಕೂ ದೊಡ್ಡದಲ್ಲ: ಒಂದೇ ಮನೆಯಲ್ಲಿ ಬಾಳುವ ಇಬ್ಬರು ಒಬ್ಬರ ಮಾತನ್ನೊಬ್ಬರು ಗೌರವದಿಂದ ಕೇಳಬೇಕು ಎಂಬುದಷ್ಟೆ. ಅದನ್ನು ಅದ್ಭುತವೆಂದು ಕಥೆಗಳಲ್ಲಿ ಹುಡುಕಬೇಕಾಗಿರುವವರೆಗೆ ಈ ಪುಸ್ತಕಗಳ ರಟ್ಟು ಹರಿಯುತ್ತಲೇ ಇರುತ್ತದೆ. ನಮ್ಮ ತಲೆಮಾರಿನ ಮನೆಗಳಲ್ಲಿ ಅದು ದಿನನಿತ್ಯದ ಮಾತಾಗಲಿ. ಆಗ ಮಕ್ಕಳಿಗೆ 'ಸುಖವಾಗಿದ್ದರು' ಎಂದು ಹೇಳಿದರೆ ಅದು ಮಲಗಿಸುವ ನೆಪವಾಗಿ ಉಳಿಯುವುದಿಲ್ಲ.